ನಮ್ಮ ವಿವಿಗಳು ವಿಶ್ವದರ್ಜೆಗೆ ಏರೋಕೆ ಮೊದಲು ಬೇಕಾದ್ದೇನು?

ಸಹ್ಯಾದ್ರಿ77
ಹೋದ ಶನಿವಾರ ನಾನು ಎಂಎಸ್ಸಿ ಓದಿದ ವಿಭಾಗಕ್ಕೆ ಹದಿನೆಂಟು ವರ್ಷದ ಮೇಲೆ ಹೋಗಿದ್ದೆ. ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಗೋಡೇಲಿ ಒಂದು ತೇಗದ ಬೋರ್ಡು ಇದೆ. ಅಧ್ಯಾಪಕರ ಹೆಸರು ಬರೆದ ಪಟ್ಟಿಗಳನ್ನ ಅದರೊಳಗೆ ಜಾರಿಸಿ ಕೂರಿಸ್ತಾರೆ, ಪಕ್ಕದಲ್ಲಿ 'ಇದ್ದಾರೆ', 'ಇಲ್ಲ' ಅಂತ ಸರಿಸೋ ಸಣ್ಣ ತುಂಡು. ನಮ್ಮ ಕಾಲದಲ್ಲಿ ಹದಿನಾಲ್ಕು ಪಟ್ಟಿ ಇತ್ತು, ಈಗ ಮೂರು. ಉಳಿದ ಹನ್ನೊಂದು ಕಡೆ ಮರದ ಬಣ್ಣ ತಿಳಿಯಾಗಿ ಕಾಣತ್ತೆ, ಪಟ್ಟಿ ಇದ್ದ ಗುರುತು. ಆ ಮೂವರಲ್ಲೂ ಒಬ್ಬರು ಜೂನ್‌ಗೆ ನಿವೃತ್ತಿ.

ವಿಭಾಗದ ಹಿಂದೆ ಹೊಸ ಸಭಾಂಗಣ ಏಳ್ತಾ ಇದೆ. ಗ್ರಾನೈಟ್ ಕಂಬ, ಗಾಜಿನ ಗೋಡೆ. 'ವಿಶ್ವದರ್ಜೆಯ ಸೌಲಭ್ಯ' ಅಂತ ಬೋರ್ಡು ಹಾಕಿದಾರೆ. ಹೊಟ್ಟೆ ಉರೀತು. ಒಂದು ವಿಶ್ವವಿದ್ಯಾಲಯ ನಿಜವಾಗಿ ಆ ಮಟ್ಟಕ್ಕೆ ಹೋಗಬೇಕಾದ್ರೆ ಏನು ಬೇಕು? ದುಡ್ಡಾ, ಸ್ವಾಯತ್ತತೆಯಾ, ಜನಾನಾ? ಒಳಗಿದ್ದು ನೋಡಿದವರು ಹೇಳಿ.

ಶಿರಾದಿಂದ_ಶಾಂಘೈ
ದುಡ್ಡು. ಬೇರೆ ಮಾತೇ ಇಲ್ಲ. ಚೀನಾದಲ್ಲಿ ಆರು ವರ್ಷ ಕೆಲಸ ಮಾಡಿದೀನಿ. 1998ರ ಮೇ ತಿಂಗಳಲ್ಲಿ ಪೀಕಿಂಗ್ ವಿವಿಯ ಶತಮಾನೋತ್ಸವದಲ್ಲಿ ಚೀನಾ ದೇಶದ ಅಧ್ಯಕ್ಷರು ಭಾಷಣ ಮಾಡಿ, ವಿಶ್ವದರ್ಜೆಯ ವಿವಿ ಬೇಕು ಅಂದ್ರು. ಅದಕ್ಕೇ '985 ಯೋಜನೆ' ಅಂತ ಹೆಸರು: 98ನೇ ಇಸವಿ, 5ನೇ ತಿಂಗಳು. ಪೀಕಿಂಗ್ ಮತ್ತು ಚಿಂಗ್‌ಹ್ವಾ ಎರಡಕ್ಕೂ ಮೊದಲ ಮೂರು ವರ್ಷಕ್ಕೆ ತಲಾ 180 ಕೋಟಿ ಯುವಾನ್ ಕೊಟ್ರು. ನಮ್ಮಲ್ಲಿ 2022-23ರಲ್ಲಿ ಜಿಲ್ಲೆಗೊಂದರಂತೆ ಏಳು ಹೊಸ ವಿವಿ ಮಾಡಿ ತಲಾ 2 ಕೋಟಿ ರೂಪಾಯಿ ಅಂದ್ರು. ಎರಡು ಕೋಟಿಗೆ ಬೆಂಗಳೂರಲ್ಲಿ ಒಂದು ಒಳ್ಳೇ ಮನೆ ಬರೋದೂ ಕಷ್ಟ.

ಗುಬ್ಬಿಗೂಡು
ಆಮೇಲೆ 2025ರ ಫೆಬ್ರುವರೀಲಿ ಸಂಪುಟ ಉಪಸಮಿತಿ ಹೊಸ ಹತ್ತು ವಿವಿಗಳಲ್ಲಿ ಒಂಬತ್ತನ್ನ ಮುಚ್ಚಿ ಅಂತ ಶಿಫಾರಸು ಮಾಡ್ತು. ಅಲ್ಲಿಗೆ ಸೇರಿದ ಮಕ್ಕಳ ಗತಿ ಏನು ಅಂತ ಆ ವಾರ ಪೂರ್ತಿ ಸ್ಟಾಫ್ ರೂಮಲ್ಲಿ ಅದೇ ಮಾತು.

ಕುಕ್ಕರಹಳ್ಳಿ_ಕೆರೆ
ಶಿರಾದವರ ಮಾತನ್ನು ಅರ್ಧ ಒಪ್ಪುತ್ತೇನೆ. ನಾನು ನಿವೃತ್ತ ಪ್ರಾಧ್ಯಾಪಕ, ನನಗೆ ತಿಳಿದಷ್ಟು ಹೇಳುತ್ತೇನೆ.

ಕಲ್ಕತ್ತಾ ವಿಶ್ವವಿದ್ಯಾಲಯದ ಕಥೆ ನೋಡಿ. ಅಶುತೋಷ್ ಮುಖರ್ಜಿ ಕುಲಪತಿಯಾಗಿದ್ದಾಗ ತಾರಕನಾಥ ಪಾಲಿತ್, ರಾಸ್‌ಬಿಹಾರಿ ಘೋಷ್ ಎಂಬ ಇಬ್ಬರು ವಕೀಲರು ವಿಜ್ಞಾನ ಕಾಲೇಜಿಗೆ ದೊಡ್ಡ ದಾನ ಕೊಟ್ಟರು. ದುಡ್ಡು ಬಂತು, ನಿಜ. ಆದರೆ ಆ ದುಡ್ಡಿನಲ್ಲಿ ಮುಖರ್ಜಿ ಯಾರನ್ನು ತಂದರು? ಸರ್ಕಾರದ ಹಣಕಾಸು ಇಲಾಖೆಯಲ್ಲಿ ಕೆಲಸದಲ್ಲಿದ್ದ, ಸಂಜೆ ಹೊತ್ತು ಬೌಬಜಾರ್ ರಸ್ತೆಯ ಪ್ರಯೋಗಾಲಯದಲ್ಲಿ ಕೂರುತ್ತಿದ್ದ ಒಬ್ಬ ಯುವಕನನ್ನು. 1917ರಲ್ಲಿ ಸಿ.ವಿ. ರಾಮನ್ ಪಾಲಿತ್ ಪ್ರಾಧ್ಯಾಪಕರಾದಾಗ ವಯಸ್ಸು 28. ಸಂಬಳ ಕಮ್ಮಿಯಾದರೂ ಬಂದರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಅಲ್ಲಿ ಉಪನ್ಯಾಸಕರಾದಾಗ ಇನ್ನೂ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು. 1928ರ ಫೆಬ್ರುವರಿ 28ರ ರಾಮನ್ ಪರಿಣಾಮದ ಶೋಧ, 1930ರ ನೊಬೆಲ್ ಎಲ್ಲ ಆಮೇಲೆ ಬಂದದ್ದು. ಇಂದಿನ ನೇಮಕಾತಿ ನಿಯಮದ ಅಂಕಪಟ್ಟಿ ಹಿಡಿದು ಕೂತರೆ ಈ ಮೂವರಲ್ಲಿ ಎಷ್ಟು ಜನ ಸಂದರ್ಶನದ ಬಾಗಿಲು ದಾಟುತ್ತಿದ್ದರು, ಯೋಚಿಸಿ.

ನಮ್ಮ ಮೈಸೂರನ್ನೇ ತೆಗೆದುಕೊಳ್ಳಿ. 1916ರಲ್ಲಿ ಶುರುವಾದ ವಿಶ್ವವಿದ್ಯಾಲಯಕ್ಕೆ 1918ರಲ್ಲಿ ತತ್ತ್ವಶಾಸ್ತ್ರಕ್ಕೆ ಬಂದವರು ರಾಧಾಕೃಷ್ಣನ್. ಆಗ ಅವರಿಗೆ ಮೂವತ್ತರ ಆಸುಪಾಸು. ಮೂರೇ ವರ್ಷದಲ್ಲಿ ಕಲ್ಕತ್ತಾ ಕರೆಸಿಕೊಂಡಿತು. ಆರಿಸುವ ಕಣ್ಣು ಇದ್ದವರು ಒಬ್ಬರಿಂದೊಬ್ಬರು ಜನರನ್ನು ಸೆಳೆದುಕೊಳ್ಳುತ್ತಿದ್ದರು.

ಧಾರವಾಡ_ಫೇಡೆ
ಸರ್, ಅಂಥಾ ಕಣ್ಣು ಈಗೂ ಅದಾವ್ರಿ. ಆ ಕಣ್ಣಿಗೆ ಕೈ ಇಲ್ಲ, ಅಷ್ಟ. ಆಯ್ಕೆ ಸಮಿತಿ ಕೂಡೂದರಾಗ ಎರಡು ವರ್ಷ, ಆಮ್ಯಾಲೆ ಹೈಕೋರ್ಟಿನ್ಯಾಗ ಮೂರು ವರ್ಷ. ಅಷ್ಟರಾಗ ಚೊಲೊ ಹುಡುಗ ಪುಣೆಕ್ಕೋ ಹೈದರಾಬಾದಕ್ಕೋ ಹೋಗಿಬಿಟ್ಟಿರ್ತಾನ.

ಲ್ಯಾಬ್‌ಕೋಟು
ನಾನು ಪಿಎಚ್‌ಡಿ ನಾಲ್ಕನೇ ವರ್ಷ. ವಿವಿ ಹೆಸರು ಬೇಡ. ನಮ್ಮ ಮೈನಸ್ 80 ಡಿಗ್ರಿ ಫ್ರೀಜರ್ ಒಂದು ಶುಕ್ರವಾರ ರಾತ್ರಿ ಕೈಕೊಟ್ಟಿತು. ಸೋಮವಾರ ಬೆಳಗ್ಗೆ ಬಾಗಿಲು ತೆಗೆದಾಗ ನೀರು ನೆಲಕ್ಕೆ ಇಳಿದಿತ್ತು. ನನ್ನ ಸೀನಿಯರ್ ಅಕ್ಕ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಮೂರು ಮಳೆಗಾಲ ಓಡಾಡಿ ತಂದ ಸ್ಯಾಂಪಲ್ಲು, ಡಬ್ಬಿ ಮೇಲೆ ಪೆನ್ಸಿಲಲ್ಲಿ ಬರೆದ ಊರ ಹೆಸರು ಹಾಗೇ ಇತ್ತು, ಒಳಗಿದ್ದದ್ದು ಕೊಳೆತು ವಾಸನೆ. ಅಕ್ಕ ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ರು, ಒಂದು ಮಾತಾಡಲಿಲ್ಲ.

ಫ್ರೀಜರಿನ ವಾರ್ಷಿಕ ನಿರ್ವಹಣೆ ಒಪ್ಪಂದ ನವೀಕರಿಸೋ ಫೈಲು ಆಗ ಏಳು ತಿಂಗಳಿಂದ ಆಡಳಿತ ವಿಭಾಗದಲ್ಲಿತ್ತು. ಮೂರು ಕೊಟೇಶನ್ ಬೇಕಂತೆ. ಆ ಕಂಪನಿ ಫ್ರೀಜರ್ ರಿಪೇರಿ ಮಾಡೋದು ಇಡೀ ದಕ್ಷಿಣ ಭಾರತಕ್ಕೆ ಒಬ್ಬನೇ, ಮೂರು ಕೊಟೇಶನ್ ಎಲ್ಲಿಂದ ತರೋದು?

ಲೆಕ್ಕಪತ್ರ
ಓದಿ ಬೇಸರ ಆಯ್ತಮ್ಮಾ. ನಾನು ಇಪ್ಪತ್ತಾರು ವರ್ಷ ಹಣಕಾಸು ವಿಭಾಗದಲ್ಲಿ ಇದ್ದವನು. ಆ ಟೇಬಲ್ಲಿನ ಆ ಕಡೆ ಕೂತವನಾಗಿ ಎರಡು ಮಾತು.

ಗುಮಾಸ್ತನಿಗೆ ಫೈಲು ತಡೆ ಹಿಡಿಯೋ ಆಸೆ ಇರಲ್ಲ, ಆಡಿಟ್ ಭಯ ಇರುತ್ತೆ. ಒಂದೇ ಕೊಟೇಶನ್ ಮೇಲೆ ಸಹಿ ಹಾಕಿದ್ರೆ ನಿವೃತ್ತಿಯಾದ ಮೇಲೂ ಆಕ್ಷೇಪಣೆ ಬಂದು ಪಿಂಚಣಿ ನಿಲ್ಲುತ್ತೆ. ಎಂಟು ತಿಂಗಳು ಫೈಲು ಇಟ್ಕೊಂಡ್ರೆ ಯಾರೂ ಕೇಳಲ್ಲ. ಹೊಣೆ ಹೊತ್ತವನಿಗೆ ಶಿಕ್ಷೆ, ಸುಮ್ಮನಿದ್ದವನಿಗೆ ರಕ್ಷೆ. ಇದು ಬದಲಾಗದೆ ಎಷ್ಟು ಕೋಟಿ ಸುರಿದರೂ ಫ್ರೀಜರ್ ಕೆಡ್ತಾನೇ ಇರುತ್ತೆ.

ಇನ್ನು ದುಡ್ಡು. ಎಷ್ಟು ಬಂತು ಅನ್ನೋದಕ್ಕಿಂತ ಯಾವಾಗ ಬಂತು ಅನ್ನೋದನ್ನ ಕೇಳಿ. ಮಾರ್ಚ್ ಕೊನೇ ವಾರದಲ್ಲಿ ಅನುದಾನ ಬಿಡುಗಡೆ, 31ರೊಳಗೆ ಖರ್ಚಾಗಬೇಕು, ಬಳಕೆ ಪ್ರಮಾಣಪತ್ರ ಹೋಗಬೇಕು. ಮೂರು ದಿನದಲ್ಲಿ ಏನು ಕೊಳ್ಳೋಕಾಗುತ್ತೆ? ಕುರ್ಚಿ, ಪ್ರೊಜೆಕ್ಟರ್, ಏಸಿ. ಯಾಕೆ ಎಲ್ಲಾ ವಿಭಾಗದಲ್ಲೂ ಹೊಸ ಕುರ್ಚಿ ಇರುತ್ತೆ, ರಾಸಾಯನಿಕ ಇರಲ್ಲ ಅಂತ ಯಾರಾದ್ರೂ ಯೋಚಿಸಿದ್ರಾ? ಇದೇ ಕಾರಣ. ಹಳೇ ವಿವಿಗಳಲ್ಲಿ ಪಿಂಚಣಿಯ ದೊಡ್ಡ ಪಾಲು ಆಂತರಿಕ ಸಂಪನ್ಮೂಲದಿಂದ ಹೋಗುತ್ತೆ, ಅಂದ್ರೆ ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟೋ ಸಂಯೋಜನೆ ಶುಲ್ಕದಿಂದ. ಜಿಲ್ಲೆಗೊಂದು ವಿವಿ ಅಂತ ಕಾಲೇಜುಗಳನ್ನ ಕಿತ್ತುಕೊಟ್ಟ ಹಾಗೆಲ್ಲ ಆ ಶುಲ್ಕವೂ ಹೋಯ್ತು.

ಕಡಲತೀರ
ಇದು ಸರಿಯಾದ ಮಾತು ಮಾರಾಯ್ರೆ. ನಮ್ಮ ವಿವಿಗಳು ಅರ್ಧಕ್ಕರ್ಧ ಪರೀಕ್ಷಾ ಮಂಡಳಿಗಳು. ನೂರಾರು ಕಾಲೇಜಿನ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಮರು ಎಣಿಕೆ, ಅಂಕಪಟ್ಟಿ ತಿದ್ದುಪಡಿ. ಪ್ರೊಫೆಸರು ಉತ್ತರಪತ್ರಿಕೆ ಕಟ್ಟು ಹಿಡ್ಕೊಂಡು ಕೂತರೆ ಸಂಶೋಧನೆ ಯಾವಾಗ ಮಾಡುವುದು?

ಶಿರಾದಿಂದ_ಶಾಂಘೈ
ಸರಿ, ದುಡ್ಡು ಮಾತ್ರ ಸಾಲದು ಅಂತ ಒಪ್ಪಿದೆ. ಆದರೆ ಜನರನ್ನ ಕರೆಯೋಕೂ ದುಡ್ಡೇ ಬೇಕಲ್ವಾ? ಪ್ರಿನ್ಸ್‌ಟನ್‌ನಲ್ಲಿದ್ದ ಆಂಡ್ರ್ಯೂ ಯಾವೊ 2004ರಲ್ಲಿ ಚಿಂಗ್‌ಹ್ವಾಗೆ ಬಂದ್ರು. ಕಂಪ್ಯೂಟರ್ ವಿಜ್ಞಾನದ ನೊಬೆಲ್ ಅಂತಾರಲ್ಲ, ಆ ಟ್ಯೂರಿಂಗ್ ಪ್ರಶಸ್ತಿ ಪಡೆದವರು! ಮರುವರ್ಷವೇ ಪದವಿ ಹುಡುಗರಿಗೆ ಪ್ರತ್ಯೇಕ ತರಗತಿ ಶುರು ಮಾಡಿದ್ರು. ಭಾಷಣಕ್ಕೆ ಬಂದು ಶಾಲು ಹೊದಿಸಿಕೊಂಡು ಹೋಗಲಿಲ್ಲ, ಪಾಠ ಮಾಡಿದ್ರು.

ಗ್ಯೋಟಿಂಗೆನ್_ಗೌಡ
ಜರ್ಮನಿಯಿಂದ ಬರೀತಿದೀನಿ. ಕಟ್ಟಡದ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮೂರು ಗ್ಯೋಟಿಂಗೆನ್‌ನ ವಿವಿಯ ಗಣಿತ ಸಂಸ್ಥೆಯ ಕಟ್ಟಡ 1929ರಲ್ಲಿ ರಾಕ್‌ಫೆಲರ್ ದುಡ್ಡಲ್ಲಿ ಎದ್ದಿದ್ದು. ಆಗ ಪ್ರಪಂಚದ ಗಣಿತಕ್ಕೆ ಇದೇ ಕಾಶಿ. ನಾಲ್ಕೇ ವರ್ಷ. 1933ರಲ್ಲಿ ಯಹೂದಿಗಳನ್ನ ಕೆಲಸದಿಂದ ತೆಗೆಯೋ ನಾಜಿ ಕಾನೂನು ಬಂದು ಕೂರಾಂಟ್, ಎಮ್ಮಿ ನೋಯ್ಥರ್, ಭೌತಶಾಸ್ತ್ರದಿಂದ ಮ್ಯಾಕ್ಸ್ ಬಾರ್ನ್ ಎಲ್ಲರೂ ಹೊರಗೆ. ಕಟ್ಟಡ ಅಲ್ಲೇ ಇತ್ತು, ಗ್ರಂಥಾಲಯ ಅಲ್ಲೇ ಇತ್ತು. ನಾನು ವಾರಕ್ಕೆರಡು ಸಲ ಅದರ ಮುಂದೆ ಸೈಕಲ್ಲಲ್ಲಿ ಹೋಗ್ತೀನಿ. ಆ ಕಾಲದ ಎತ್ತರಕ್ಕೆ ಮತ್ತೆ ಏರೋಕೆ ಆಗಲೇ ಇಲ್ಲ ಅಂತ ಇಲ್ಲಿನವರೇ ಹೇಳ್ತಾರೆ.

ಕುಕ್ಕರಹಳ್ಳಿ_ಕೆರೆ
ಗೌಡರೆ, ಅದೇ ಬಾರ್ನ್ 1935ರ ಕೊನೆಗೆ ಬೆಂಗಳೂರಿಗೆ ಬಂದಿದ್ದರು! ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ). ರಾಮನ್ ಆಗ ಅಲ್ಲಿ ನಿರ್ದೇಶಕರು. ಯೂರೋಪಿನಲ್ಲಿ ನೆಲೆ ಕಳೆದುಕೊಂಡ ಇಂಥ ವಿಜ್ಞಾನಿಗಳನ್ನು ಕಾಯಂ ಆಗಿ ಇಲ್ಲಿಗೇ ತರಬೇಕು ಎಂಬುದು ಅವರ ಹಂಬಲ. ಬಾರ್ನ್ ಕೆಲವು ತಿಂಗಳು ಇದ್ದರು, ಉಳಿಯುವ ಮನಸ್ಸೂ ಇತ್ತು. ಸಂಸ್ಥೆಯೊಳಗೆ ವಿರೋಧ ಎದ್ದಿತು. ಹೊರಗಿನವನು ಯಾಕೆ, ಹಣ ಯಾಕೆ ಎಂದೆಲ್ಲ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಬಾರ್ನ್‌ಗೆ 1954ರಲ್ಲಿ ನೊಬೆಲ್ ಬಂತು. ಮೈಸೂರು ಸರ್ಕಾರ ಕೊಟ್ಟ 371 ಎಕರೆ ಜಾಗ ಇತ್ತು, ಟಾಟಾ ದತ್ತಿ ಇತ್ತು, ಮನೆಬಾಗಿಲಿಗೇ ಬಂದ ವ್ಯಕ್ತಿಯನ್ನು ಉಳಿಸಿಕೊಳ್ಳಲು ಮನಸ್ಸು ಸಾಲಲಿಲ್ಲ.

ತುಂಗೆಯ_ಮಗಳು
ಇದು ಗೊತ್ತೇ ಇರಲಿಲ್ಲ. ಮೈ ಜುಂ ಅಂತು.

ಬೆಣ್ಣೆದೋಸೆ_ಕಾರ್ನರ್
ಸಣ್ಣ ತಕರಾರು. ರಾಮನ್ ಆಡಳಿತದ ಶೈಲಿ ಬಗ್ಗೆಯೂ ದೂರುಗಳಿದ್ವು. ಭೌತಶಾಸ್ತ್ರಕ್ಕೆ ಹೆಚ್ಚು ದುಡ್ಡು ಹರಿಸ್ತಾರೆ ಅಂತ ಬೇರೆ ವಿಭಾಗದವರ ಸಿಟ್ಟು. ಎಲ್ಲಾ ತಪ್ಪು ಒಂದೇ ಕಡೆ ಹಾಕೋದು ಬೇಡ.

ಕುಕ್ಕರಹಳ್ಳಿ_ಕೆರೆ
ನಿಜ, ಒಪ್ಪಿದೆ. ಅವರು ಎಲ್ಲರನ್ನೂ ಒಲಿಸಿಕೊಂಡು ಹೋಗುವ ಮನುಷ್ಯರಲ್ಲ. ಆದರೂ ಆ ಒಂದು ವಿಷಯದಲ್ಲಿ ಅವರು ಕಂಡದ್ದು ಸರಿ.

ಗುಬ್ಬಿಗೂಡು
ನೊಬೆಲ್ ಮಾತಾಡ್ತಾ ಇದೀರ, ಒಳ್ಳೇದು. ನನ್ನ ಪಾಡು ಕೇಳಿ. ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಆಗಿದೆ, ಪಿಎಚ್‌ಡಿ ಆಗಿದೆ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಸಂದರ್ಶನ, ಅದೇ ಮುಖಗಳು. ರಜೆಯಲ್ಲಿ ಸಂಬಳ ಇಲ್ಲ. ನಮ್ಮ ವಿಭಾಗದಲ್ಲಿ ಕಾಯಂ ಇರೋರು ಇಬ್ಬರು, ಅತಿಥಿಗಳು ಒಂಬತ್ತು. ನಾನು ಪ್ರಬಂಧಕ್ಕೆ ಮಾರ್ಗದರ್ಶಕಿ ಆಗೋ ಹಾಗಿಲ್ಲ, ಯೋಜನೆಗೆ ಅರ್ಜಿ ಹಾಕೋ ಹಾಗಿಲ್ಲ.

ವಿದ್ಯಾಸಂಸ್ಥೆಗಳ ಗುಣಮಟ್ಟ ಅಳೆಯೋ ನ್ಯಾಕ್ ತಂಡ ಬರೋ ಹಿಂದಿನ ವಾರ ಗೋಡೆಗೆ ಸುಣ್ಣ, ಹೂಕುಂಡ, ರಂಗೋಲಿ. ಮೂರು ರಾತ್ರಿ ಕೂತು ಕಡತ ಜೋಡಿಸಿದ್ದು ನಾವೇ. ತಂಡ ಬಂದ ದಿನ ಪರಿಚಯಕ್ಕೆ ಮುಂದಿನ ಸಾಲಲ್ಲಿ ನಾವು ಇರಲಿಲ್ಲ. ನನಗೆ ಸಿಟ್ಟು ಅಂತ ಅಲ್ಲ, ಮಕ್ಕಳು ನೋಡ್ತಾ ಇರ್ತಾರಲ್ಲ ಅಂತ ಸಂಕಟ. ಚೆನ್ನಾಗಿ ಓದೋ ಹುಡುಗಿಗೆ 'ಪಿಎಚ್‌ಡಿ ಮಾಡಮ್ಮ' ಅಂದ್ರೆ 'ಮಾಡಿ ನಿಮ್ಮ ಹಾಗೆ ಆಗಬೇಕಾ ಮೇಡಂ' ಅಂತ ಕೇಳಿದ್ಲು. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ ಅವಳು.

ಸಹ್ಯಾದ್ರಿ77
ಮೇಡಂ, ಈ ಕೊನೇ ಸಾಲು ಓದಿ ಬಹಳ ಹೊತ್ತು ಏನೂ ಬರೆಯೋಕೆ ಆಗಲಿಲ್ಲ.

ನೇರನುಡಿ
ಎಲ್ಲರೂ ಸುತ್ತಿ ಬಳಸಿ ಹೇಳ್ತಿದೀರ. ಮೆರಿಟ್ ಒಂದನ್ನೇ ನೋಡಿ ನೇಮಕ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ. ಮೀಸಲಾತಿ ಇಟ್ಕೊಂಡು ವಿಶ್ವದರ್ಜೆ ಆಗಲ್ಲ.

ಧಾರವಾಡ_ಫೇಡೆ
ಅಣ್ಣಾ, ಹದಿನಾಲ್ಕು ಹುದ್ದೆದಾಗ ಹನ್ನೊಂದು ಖಾಲಿ ಅದಾವಂತ ಮ್ಯಾಲೆ ಬರದಾರಲ್ಲ. ಖಾಲಿ ಕುರ್ಚಿಗೆ ಯಾವ ಜಾತಿ? ಬ್ಯಾಕ್‌ಲಾಗ್ ಹುದ್ದಿ ವರ್ಷಾನುಗಟ್ಲೆ ತುಂಬಿಲ್ಲ, ಸಾಮಾನ್ಯ ವರ್ಗದ್ದೂ ತುಂಬಿಲ್ಲ. ನಮ್ಮ ಮನ್ಯಾಗ ಕಾಲೇಜ್ ಮೆಟ್ಲ ಹತ್ತಿದವರಾಗ ನಾನ ಮೊದಲ. ಸಹಾ ಅವರ ಹೆಸರು ಬಂತಲ್ಲ ಮ್ಯಾಲೆ, ಅವರೂ ಬಡ ಕಿರಾಣಿ ಅಂಗಡಿಯವರ ಮಗ, ಹಾಸ್ಟೆಲಿನ್ಯಾಗ ಜಾತಿ ಕಾರಣಕ್ಕ ಬ್ಯಾರೆ ಕುಂತು ಉಂಡವರು. ಅಂಥಾವರು ಒಳಗ ಬರೋ ದಾರಿ ಮುಚ್ಚಿದ್ರ ಯಾವ ದರ್ಜೆನೂ ಸಿಗಂಗಿಲ್ಲ.

ನೇರನುಡಿ
ಖಾಲಿ ಹುದ್ದೆ ವಿಷಯ ಒಪ್ತೀನಿ. ಉಳಿದದ್ದಕ್ಕೆ ಬೇರೆ ಚರ್ಚೆ ಬೇಕು.

ಕಡಲತೀರ
ರ‍್ಯಾಂಕಿಂಗ್ ನೋಡುವವರಿಗೆ ಒಂದು ಮಾತು. ಶಾಂಘೈ ಪಟ್ಟಿ 2003ರಲ್ಲಿ ಶುರುವಾದದ್ದು, ಅದರಲ್ಲಿ ನೂರಕ್ಕೆ 30 ಅಂಕ ನೊಬೆಲ್, ಫೀಲ್ಡ್ಸ್ ಪದಕಕ್ಕೆ. ಕ್ಯೂಎಸ್ ಪಟ್ಟಿಯಲ್ಲಿ 'ಹೆಸರು ಹೇಗೆ ಉಂಟು' ಅಂತ ಅಧ್ಯಾಪಕರನ್ನು ಕೇಳುವ ಸಮೀಕ್ಷೆಗೇ ಮೊದಲು 40, ಈಗ 30. ನಮ್ಮ ಐಐಎಸ್‌ಸಿ ಅಧ್ಯಾಪಕರ ತಲಾ ಉಲ್ಲೇಖದಲ್ಲಿ, ಅಂದರೆ ಅವರ ಸಂಶೋಧನೆಯನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದಲ್ಲಿ, ನೂರಕ್ಕೆ ನೂರು ತೆಗೆದ ವರ್ಷವೂ ಒಟ್ಟು ಪಟ್ಟಿಯಲ್ಲಿ ಮೊದಲ ನೂರರ ಒಳಗೆ ಬರಲಿಲ್ಲ. ಪಟ್ಟಿಗಾಗಿ ಓಡುವುದು ಬೇಡ ಅಂತ ನನ್ನ ಅಭಿಪ್ರಾಯ.

ಮ್ಯಾಡಿಸನ್_ಚಳಿ
ನಾನಿರೋದು ವಿಸ್ಕಾನ್ಸಿನ್‌ನಲ್ಲಿ. ಮೈಸೂರು ವಿವಿ ಕಟ್ಟೋ ಮೊದಲು ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ವಿವಿಗಳನ್ನ ನೋಡಿ ವರದಿ ಕೊಟ್ಟಿದ್ರು, ಅದರಲ್ಲಿ ವಿಸ್ಕಾನ್ಸಿನ್ ಮಾದರಿಯೂ ಇತ್ತು. ಇಲ್ಲಿ 1890ರಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಅನ್ನೋ ಪ್ರೊಫೆಸರ್ ಹಾಲಿನಲ್ಲಿ ಬೆಣ್ಣೆ ಅಂಶ ಎಷ್ಟಿದೆ ಅಂತ ಡೇರಿಯಲ್ಲೇ ಅಳೆಯೋ ಪರೀಕ್ಷೆ ಕಂಡುಹಿಡಿದ್ರು. ನೀರು ಬೆರೆಸೋರು ಸಿಕ್ಕಿಬಿದ್ರು, ಒಳ್ಳೇ ಹಾಲು ಹಾಕೋ ರೈತರಿಗೆ ಸರಿಯಾದ ಬೆಲೆ ಸಿಕ್ತು. ಪೇಟೆಂಟ್ ತಗೊಳ್ಳಲಿಲ್ಲ ಅವರು. ಅದೇ ಕೃಷಿ ವಿಭಾಗದಿಂದ 1913ರಲ್ಲಿ 'ಎ' ಜೀವಸತ್ವದ ಶೋಧ ಬಂತು. ಅಕ್ಕಪಕ್ಕದ ರೈತನ ಕಷ್ಟ ನೋಡಿದ ವಿವಿಗೆ ಪ್ರಪಂಚದ ವಿಜ್ಞಾನ ತಾನಾಗಿ ಬಂತು.

ಬಿತ್ತನೆ
ಅಂಗಾರೆ ನಮ್ಮ ಮಂಡ್ಯದ ಕತೇನೂ ಕೇಳಿ. ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯನೋರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಕೂಡಿಸಿ ಇಂಡಾಫ್ ತಳಿ ತಗುದ್ರು. ಇಂಡಿಯಾ ಪ್ಲಸ್ ಆಫ್ರಿಕಾ, ಅದ್ಕೇ ಇಂಡಾಫ್. ನಮ್ಮಪ್ಪ ಅದ ಆಕಿದ ಮೊದಲ್ನೇ ವರ್ಸ ಹಗೇವು ಸಾಲ್ದೆ ನಡುಮನೇಲೆಲ್ಲ ಚೀಲ ಪೇರ‍್ಸಿದ್ರು, ನಾವು ಮಕ್ಕಳು ಚೀಲದ ಮ್ಯಾಲೇ ಮಲಗ್ತಿದ್ದೊ. ರಾಗಿ ತೆನೆ ಹೂವು ಕಣ್ಗೆ ಕಾಣದಷ್ಟು ಚಿಕ್ಕದು. ಅದ್ರಲ್ಲಿ ಪರಾಗ ಬೆರೆಸೋದು ಅಂದ್ರೆ ಎಂಗೆ ಅಂತ ಒಸಿ ಯೋಚ್ನೆ ಮಾಡಿ. ನಂಗೆ ಅದೇ ವಿಶ್ವದರ್ಜೆ.

ತುಂಗೆಯ_ಮಗಳು
ಅಣ್ಣ, ಇಂಡಾಫ್ ರಾಗಿ ಮುದ್ದೆ ರುಚಿ ನಾಟಿ ರಾಗಿ ಹಾಗೆ ಇರುತ್ತಾ? ನಮ್ಮಜ್ಜಿ ಒಪ್ತಾ ಇರಲಿಲ್ಲ.

ಬಿತ್ತನೆ
ನಾಟಿ ರಾಗಿ ರುಚಿ ಬ್ಯಾರೆ ಕಣವ್ವ, ಸುಳ್ಳೇಳಕಾಗಕಿಲ್ಲ. ಆದ್ರೆ ಹೊಟ್ಟೆ ತುಂಬ್ತು.

ಹಳಗನ್ನಡ
ವಿಜ್ಞಾನದವರೇ ಮಾತಾಡುತ್ತಿದ್ದೀರಿ. ನಮ್ಮ ಕಡೆಯೂ ಒಂದು ಸಾಧನೆ ಇದೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿದರು, ಗ್ರಂಥ ಲಿಪಿಯದು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿ ಬಿಚ್ಚಿ ಓದಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಕೃತಿ. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೆ ಬಂತು. ಅದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ, ಹಳೆಯ ಲಿಪಿ ಓದಬಲ್ಲ ಒಬ್ಬ ಮನುಷ್ಯ, ಅವನಿಗೆ ಒಂದು ಸಂಬಳ.

ಇವತ್ತು ತಿಗಳಾರಿ, ಗ್ರಂಥ, ನಂದಿನಾಗರಿ ಲಿಪಿಗಳನ್ನು ಸಲೀಸಾಗಿ ಓದುವ ಯುವಕರನ್ನು ನನ್ನ ಒಂದು ಕೈ ಬೆರಳಲ್ಲಿ ಎಣಿಸಬಹುದು. ಕನ್ನಡ ಶಾಸನ, ಹಳಗನ್ನಡ ಕಾವ್ಯ ಕಲಿಯಲು ಪ್ರಪಂಚದ ಯಾರೇ ಆಗಲಿ ಕರ್ನಾಟಕಕ್ಕೇ ಬರಬೇಕು ಎನ್ನುವಂತಿರಬೇಕು. ಈ ಒಂದು ವಿಷಯದಲ್ಲಿ ನಾವು ಯಾರ ಹಿಂದೆಯೂ ನಿಲ್ಲಬೇಕಾಗಿಲ್ಲ. ಹೀಗಿದ್ದೂ ಮೊದಲು ಖಾಲಿ ಬೀಳುವ ಹುದ್ದೆ ಇದೇ.

ಲ್ಯಾಬ್‌ಕೋಟು
ರಾಜ್ಯದ ವಿವಿಯಿಂದ ಆಗಲ್ಲ ಅನ್ನೋರಿಗೆ ನಾನು ಯಾವಾಗಲೂ ಜಿ.ಎನ್. ರಾಮಚಂದ್ರನ್ ಹೆಸರು ಹೇಳ್ತೀನಿ. 1952ರಲ್ಲಿ ಮದ್ರಾಸ್ ವಿವಿಗೆ ಭೌತಶಾಸ್ತ್ರದ ಮುಖ್ಯಸ್ಥ ಬೇಕಿತ್ತು. ಕುಲಪತಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ರಾಮನ್ ಅವರನ್ನ ಕೇಳಿದಾಗ ರಾಮನ್ ತಮ್ಮ ಶಿಷ್ಯನ ಹೆಸರು ಹೇಳಿದ್ರು. ಇನ್ನೂ ಮೂವತ್ತು ತುಂಬಿರದ ಹುಡುಗ. ಎರಡೇ ವರ್ಷಕ್ಕೆ ಚರ್ಮ, ಮೂಳೆಯಲ್ಲಿರೋ ಕೊಲಾಜೆನ್ ಪ್ರೋಟೀನಿನ ಮೂರೆಳೆ ಹುರಿಯ ರಚನೆ, 1963ರಲ್ಲಿ ಪ್ರೋಟೀನ್ ಸರಪಳಿ ಹೇಗೆಲ್ಲ ಬಾಗಬಹುದು ಅಂತ ತೋರಿಸೋ ರಾಮಚಂದ್ರನ್ ನಕ್ಷೆ. ಈವತ್ತಿಗೂ ಯಾವ ದೇಶದಲ್ಲಿ ಪ್ರೋಟೀನ್ ರಚನೆ ಪ್ರಕಟಿಸಿದರೂ ಆ ನಕ್ಷೆ ಮೇಲೆ ಚುಕ್ಕಿ ಇಟ್ಟು ನೋಡ್ತಾರೆ, ನಾನೂ ಹೋದ ವಾರ ಇಟ್ಟೆ. ಇದೆಲ್ಲ ಆಗಿದ್ದು ಒಂದು ರಾಜ್ಯದ ವಿವಿಯಲ್ಲಿ.

ಸಹ್ಯಾದ್ರಿ77
ಒಂದು ಗಮನಿಸಿದ್ರಾ? ಮೊದಲಿಯಾರ್ 1942ರಿಂದ 1969ರವರೆಗೆ 27 ವರ್ಷ ಕುಲಪತಿ. ಅವರು ಹೋದ ಸ್ವಲ್ಪ ದಿನಕ್ಕೇ ರಾಮಚಂದ್ರನ್ ಬೆಂಗಳೂರಿಗೆ ಬಂದ್ರು. ಐಐಎಸ್‌ಸಿಯಲ್ಲಿ ಆಗ ಸತೀಶ್ ಧವನ್, 1962ರಿಂದ 1981ರವರೆಗೆ ನಿರ್ದೇಶಕರು. ಮೈಸೂರಲ್ಲಿ ಬ್ರಜೇಂದ್ರನಾಥ ಸೀಲ್ 1921ರಿಂದ 1930ರವರೆಗೆ ಕುಲಪತಿ. ನಮ್ಮ ಈಗಿನ ಕಾಯ್ದೆಯಲ್ಲಿ ಕುಲಪತಿಗೆ ನಾಲ್ಕು ವರ್ಷ. ಬೀಜ ಹಾಕಿದವರು ಕೊಯ್ಲು ನೋಡೋಕೆ ಇರಲ್ಲ.

ಲೆಕ್ಕಪತ್ರ
ಬೇಡ ಸ್ವಾಮಿ! ಕೆಟ್ಟವರು ಬಂದ್ರೆ ನಾಲ್ಕೇ ವರ್ಷಕ್ಕೆ ಹೋಗ್ತಾರೆ ಅನ್ನೋದೇ ನಮಗಿದ್ದ ಸಮಾಧಾನ. ನಾನು ಕಂಡ ಒಬ್ಬರ ಕೈಗೆ 27 ವರ್ಷ ಕೊಟ್ಟಿದ್ರೆ ಕಿಟಕಿ ಸರಳೂ ಉಳೀತಿರಲಿಲ್ಲ.

ಕುಕ್ಕರಹಳ್ಳಿ_ಕೆರೆ
ಇಬ್ಬರದೂ ನಿಜ. ಕುಲಪತಿಯ ಅವಧಿಗಿಂತ ವಿಭಾಗದ ಅವಧಿ ಮುಖ್ಯ ಎಂದುಕೊಳ್ಳಿ. ಇಪ್ಪತ್ತೆಂಟರ ಒಬ್ಬರು, ನಲವತ್ತರ ಒಬ್ಬರು, ಐವತ್ತೈದರ ಒಬ್ಬರು ಒಂದೇ ಕಾರಿಡಾರಿನಲ್ಲಿ ಇರಬೇಕು. ನಾನು ಸೇರಿದಾಗ ಹಿರಿಯರೊಬ್ಬರು ಪಾಠಕ್ಕೆ ಮುಂಚೆ ತಮ್ಮ ಕೊಠಡಿಗೆ ಕರೆದು, ನನ್ನ ಟಿಪ್ಪಣಿ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಡುತ್ತಿದ್ದರು. ನಾನೂ ಮುಂದೆ ಒಬ್ಬಿಬ್ಬರಿಗೆ ಮಾಡಿದೆ. ಹದಿನೈದು ವರ್ಷ ನೇಮಕಾತಿ ನಿಂತರೆ ಆ ಸರಪಳಿ ತುಂಡಾಯಿತು. ಆಮೇಲೆ ಒಟ್ಟಿಗೇ ಹನ್ನೊಂದು ಜನರನ್ನು ತುಂಬಿದರೂ ಅವರಿಗೆ ಕೆಂಪು ಶಾಯಿ ಹಿಡಿಯುವವರು ಯಾರು? ಹಾಗಾಗಿ ಈ ಜೂನ್‌ಗೆ ನಿವೃತ್ತರಾಗುವವರು ಹೋಗುವ ಮೊದಲು ಒಬ್ಬರಾದರೂ ಬರಬೇಕು.

ಸಹ್ಯಾದ್ರಿ77
ಸರ್, ಈ ಮಾತು ಹಿಡ್ಕೊಂಡೆ. ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತೀನಿ: ನಮ್ಮ ವಿಭಾಗದಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿರೋದು ಎಷ್ಟು, ಪ್ರತಿಯೊಂದೂ ಯಾವ ದಿನಾಂಕದಿಂದ ಖಾಲಿ. ಬೇರೆ ಬೇರೆ ವಿವಿಯ ಹಳೇ ವಿದ್ಯಾರ್ಥಿಗಳು ಇಲ್ಲಿದೀರ. ಪ್ರತಿಯೊಬ್ಬರೂ ಅವರವರ ವಿಭಾಗದ್ದು ಕೇಳಿದ್ರೆ ಒಂದು ಪಟ್ಟಿ ಆಗತ್ತೆ.

ಲೆಕ್ಕಪತ್ರ
ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಡಿ. 'ಯಾಕೆ ತುಂಬಿಲ್ಲ' ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರಲ್ಲ. 'ಹುದ್ದೆ ತುಂಬಲು ಕಳಿಸಿದ ಪ್ರಸ್ತಾವನೆಗಳ ಪ್ರತಿ ಕೊಡಿ' ಅಂತ ಕೇಳಿ. ಮೂವತ್ತು ದಿನದಲ್ಲಿ ಕೊಡಬೇಕು. ಕರಡು ಬೇಕಾದ್ರೆ ನಾನೇ ಬರೆದುಕೊಡ್ತೀನಿ.

ಧಾರವಾಡ_ಫೇಡೆ
ನಮ್ಮ ಕಡೆದು ನಾ ಹಾಕ್ತೀನ್ರಿ.

ಹಳಗನ್ನಡ
ಕನ್ನಡ ವಿಭಾಗಗಳದ್ದು ನನಗೆ ಬಿಡಿ.

ಗುಬ್ಬಿಗೂಡು
ನಾನು ಹಾಕಿದ್ರೆ ಮುಂದಿನ ವರ್ಷದ ಸಂದರ್ಶನಕ್ಕೆ ತೊಂದರೆ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಇದಾನೆ, ಅವನ ಹೆಸರಲ್ಲಿ ಹಾಕಿಸ್ತೀನಿ. ಲೆಕ್ಕಪತ್ರ ಸರ್, ಕರಡು ಇಲ್ಲೇ ಹಾಕಿ.